ಕೊಬ್ಬರಿ ಅಟ್ಟದ ನಾಲ್ಕು ಟೈರು

ನನ್ನ ಅಕ್ಕ ಹಳೇಕೋಟೆ ಕಡೆಯ ಹಳ್ಳಿಗಳಿಂದ ಹೊಳೆನರಸೀಪುರದ ಶಾಲೆಗಳಿಗೆ ಮಕ್ಕಳನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ವ್ಯಾನು ಅವಳದೇ, ಓಡಿಸುವುದೂ ಅವಳೇ. ನಾನು ಹಾಸನದ ಒಂದು ದಿನಪತ್ರಿಕೆಯಲ್ಲಿ ಡೆಸ್ಕಿನಲ್ಲಿದ್ದೇನೆ. ತಾಲ್ಲೂಕುಗಳಿಂದ ಬರುವ ವರದಿಗಳನ್ನು ತಿದ್ದುವುದು, ಅನುಮಾನ ಬಂದದ್ದನ್ನು ಫೋನು ಮಾಡಿ ಕೇಳುವುದು, ಆಮೇಲೆ ಪುಟಕ್ಕೆ ಕೊಡುವುದು ನನ್ನ ಕೆಲಸ. ಅಕ್ಕನ ವ್ಯಾನಿಗೆ ಎಫ್‌ಸಿ ಮಾಡಿಸಬೇಕಾದಾಗ ಒಂದೆರಡು ದಿನ ರಜೆ ಹಾಕಿ ಅವಳ ಜೊತೆಗಿರುತ್ತೇನೆ. ಎಫ್‌ಸಿ ಎಂದರೆ ವಾಹನ ರಸ್ತೆಗೆ ಇಳಿಯಲು ಯೋಗ್ಯವಾಗಿದೆ ಎಂದು ಹಾಸನದಲ್ಲಿ ಪರೀಕ್ಷೆ ಮಾಡಿ ಕೊಡುವ ಪತ್ರ.

ಆ ಸಲ ಮೇ ತಿಂಗಳು ಮುಗಿಯುತ್ತ ಬಂದಿತ್ತು. ಶಾಲೆ ತೆರೆಯಲು ಒಂದು ವಾರವೂ ಇರಲಿಲ್ಲ. ಪತ್ರ ಕೈಗೆ ಬಾರದೆ ವ್ಯಾನು ಹೊರಡುವಂತಿಲ್ಲ. ಹೊರಡದಿದ್ದರೆ ಹೆತ್ತವರು ಮಕ್ಕಳನ್ನು ಬೇರೆ ವ್ಯಾನಿಗೆ ಸೇರಿಸುತ್ತಾರೆ. "ಒಂದ್ಸಲ ಬುಟ್ಟೋದ ಮಗ ತಿರ್ಗಾ ನಮ್ ವ್ಯಾನ್ಗೆ ಬರಕಿಲ್ಲ ಕಣೇ" ಎಂದು ಅಕ್ಕ ಫೋನಿನಲ್ಲೇ ಹೇಳಿದ್ದಳು. ವ್ಯಾನಿನಲ್ಲಿ ಬೇರೆಲ್ಲ ಸರಿಯಿತ್ತು. ಬ್ರೇಕು ಬಿಗಿ ಮಾಡಿಸಿದ್ದಳು, ದೀಪಗಳು ಉರಿಯುತ್ತಿದ್ದವು, ಹಳದಿ ಬಣ್ಣ ಹೊಸದಾಗಿತ್ತು. ಸವೆದದ್ದು ಟೈರು ಮಾತ್ರ. ಮುಂದಿನ ಎರಡರ ಹೊರ ಅಂಚು ಅಂಗೈಯಂತೆ ನುಣ್ಣಗಾಗಿತ್ತು.

ನಮ್ಮ ಭಾಗದಲ್ಲಿ ಇದಕ್ಕೊಂದು ದಾರಿ ಇತ್ತು. ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ ಈ ಮೂರು ತಾಲ್ಲೂಕುಗಳ ಒಂದಷ್ಟು ವ್ಯಾನಿನವರ ನಡುವೆ ಎಫ್‌ಸಿಗೆಂದೇ ನಾಲ್ಕು ಟೈರು ಓಡಾಡುತ್ತಿದ್ದವು. ಎಲ್ಲರದೂ ಒಂದೇ ಅಳತೆಯ ಚಕ್ರ. ಯಾರಿಗೆ ಎಫ್‌ಸಿ ಇದೆಯೋ ಅವರು ಡಿಸ್ಕ್ ಸಮೇತ, ಅಂದರೆ ಟೈರು ಕೂರುವ ಕಬ್ಬಿಣದ ಚಕ್ರದ ಸಮೇತ, ಆ ನಾಲ್ಕನ್ನು ತಂದು, ತಮ್ಮ ಸವೆದ ಟೈರುಗಳನ್ನು ಬಿಚ್ಚಿ, ಇವನ್ನು ಹಾಕಿಕೊಂಡು ಹಾಸನಕ್ಕೆ ಹೋಗಿ ಬರುವುದು. ಬಂದ ಮೇಲೆ ಮುಂದಿನವರಿಗೆ ಒಪ್ಪಿಸುವುದು. ಬಾಡಿಗೆ ಇಲ್ಲ, ಬರಹ ಇಲ್ಲ. ತೆಗೆದುಕೊಂಡು ಹೋಗುವವರು ಒಂದು ಬಾಟಲಿ ಕೊಬ್ಬರಿ ಎಣ್ಣೆ ತರಬೇಕು ಎನ್ನುವುದೊಂದೇ ಕಟ್ಟಳೆ. ಈ ಬಳಗಕ್ಕೆ ಸೇರಿದ ಮೊದಲ ಹೆಂಗಸು ನನ್ನ ಅಕ್ಕ. ಟೈರು ಕೊಡುತ್ತೇವೆ ಬನ್ನಿ ಎಂದು ಅವರು ಹೇಳಿ ಕಳಿಸಿದಾಗ ಅವಳಿಗೆ ಖುಷಿಯಾಗಿತ್ತು. ಅದನ್ನು ಬಚ್ಚಿಡಲೂ ಇಲ್ಲ.

ಟೈರುಗಳು ಇದ್ದದ್ದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯ ಒಬ್ಬ ಯಜಮಾನರ ಮನೆಯಲ್ಲಿ. ಅವರು ಹಿಂದೆ ವ್ಯಾನು ಓಡಿಸುತ್ತಿದ್ದವರು. ಅದನ್ನು ಮಾರುವಾಗ ಆಗಷ್ಟೇ ಹಾಕಿಸಿದ್ದ ಹೊಸ ಟೈರುಗಳನ್ನು ಬಿಚ್ಚಿಟ್ಟುಕೊಂಡು, ಹಳೆಯದನ್ನು ಹಾಕಿ ಕೊಟ್ಟಿದ್ದರು. ಈಗ ಕೊಬ್ಬರಿ ವ್ಯಾಪಾರ. ಆ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಗಟ್ಟಿ ಉಂಡೆಯಾಗಿ ಅಲ್ಲಾಡುವ ತನಕ ಅದು ಅಲ್ಲೇ ಇರುತ್ತದೆ. ಬಿಸಿ ಮತ್ತು ಒಣ ಗಾಳಿಯ ಆ ಅಟ್ಟದ ಮೂಲೆಯಲ್ಲೇ ನಾಲ್ಕು ಟೈರನ್ನೂ ಒಂದರ ಮೇಲೊಂದು ಪೇರಿಸಿದ್ದರು.

"ಏನವ್ವಾ, ಎಣ್ಣೆ ತಂದ್ಯಾ?" ಎಂದು ಯಜಮಾನರು ಅಕ್ಕನನ್ನು ಕೇಳಿದರು.

"ತಂದಿವ್ನಿ ಮಾವ. ಗಾಣದ್ದು."

ಅವರು ಟೈರುಗಳನ್ನು ಒಂದೊಂದಾಗಿ ಇಳಿಸಿ ಜಗಲಿಯ ಮೇಲೆ ನಿಲ್ಲಿಸಿಕೊಂಡು, ಬಟ್ಟೆಯನ್ನು ಎಣ್ಣೆಗೆ ಅದ್ದಿ ತಿಕ್ಕಿದರು. ತಿಕ್ಕಿದಷ್ಟೂ ಹೊಳೆದವು. "ನೋಡ್ಕಳವ್ವ. ಟೈರು ಅಂದ್ರೆ ಇದು. ಬೆಳ್ಳು ಇಕ್ಕಿ ನೋಡು, ಅರ್ಧ ಬೆಳ್ಳು ಒಳಕ್ಕೋಯ್ತದೆ. ಇವ್ರು ಯಾರು?"

"ನನ್ ತಂಗಿ ಮಾವ. ಪೇಪರ್ನಾಗೆ ಕೆಲ್ಸ."

"ಅಂಗಾರೆ ಬರ್ಕಳವ್ವ ನೀನೂವೆ. ಚನ್ರಾಯಪಟ್ಣದ ಟೈರು ಒಂದ್ಸಲಾನೂ ಫೇಲಾಗಿಲ್ಲ ಅಂತ."

ನಾನೂ ಬೆರಳಿಟ್ಟು ನೋಡಿದೆ. ಗ್ರಿಪ್ಪಿನ ಕಾಲುವೆಗಳು ಅಂಗಡಿಯಿಂದ ಈಗ ತಂದಷ್ಟು ಆಳವಾಗಿದ್ದವು. ವರ್ಷದಲ್ಲಿ ನಾಲ್ಕಾರು ಸಲ ಹಾಸನಕ್ಕೆ ಹೋಗಿ ಬಂದದ್ದು ಬಿಟ್ಟರೆ ಅವು ನೆಲ ಕಂಡಿರಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಅಕ್ಕನಿಗೆ ಹೊಸ ಯೋಚನೆ ಬಂತು. ಎಫ್‌ಸಿ ಆದ ಮೇಲೆ ಮತ್ತೆ ತನ್ನ ಬೋಳು ಟೈರು ಹಾಕಿಕೊಂಡು ಮಳೆಗಾಲದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಅವಳಿಗೆ ಸರಿಬರಲಿಲ್ಲ. ಇಷ್ಟು ಒಳ್ಳೆಯ ಟೈರು ಅಟ್ಟದಲ್ಲಿ ಕೂತು ಏನು ಮಾಡಬೇಕು? ಅವಳ ನಂತರದ ಸರದಿ ಅರಕಲಗೂಡಿನ ಒಬ್ಬನದು. ಅವನೂ ಮಕ್ಕಳ ವ್ಯಾನಿನವನೇ. ಅವಳು ವ್ಯಾನು ಪಕ್ಕಕ್ಕೆ ಹಾಕಿ ನಿಲ್ಲಿಸಿ ಅವನಿಗೆ ಫೋನು ಮಾಡಿದಳು.

"ನಿಂದು ಎಫ್‌ಸಿ ಆದ್ಮೇಲೆ ಅಟ್ಟಕ್ಕೆ ಕಳಿಸ್ಬ್ಯಾಡ ಕಣಪ್ಪ. ಸೀದಾ ನಂಗೇ ತಂದ್ಕೊಡು. ಮಳೆ ಮುಗಿಯೋಗಂಟ ನಾನೇ ಓಡಿಸ್ತೀನಿ."

ಅವನು ನಕ್ಕದ್ದು ನನಗೂ ಕೇಳಿಸಿತು. "ಅಕ್ಕಾ, ಅದು ಇಸ್ಕಂಡ ಒಡವೆ ಇದ್ದಂಗೆ. ಹಾಕ್ಕಂಡು ಮದ್ವೆಗೋಗ್ಬೇಕು. ಹಾಕ್ಕಂಡು ಕಳೆ ಕೀಳಕೆ ಓದ್ರೆ ಆಯ್ತದಾ?"

"ಮದ್ವೆಗೆ ಓಗೋದು ಒಂದಿನ ಕಣಪ್ಪ. ಮಕ್ಳು ಕೂರೋದು ದಿನಾ."

"ಯಜಮಾನ್ರು ಒಪ್ಪುದ್ರೆ ನಂದೇನು ಅಡ್ಡಿ ಇಲ್ಲ ಬುಡಿ" ಎಂದ.

ಫೋನು ಮಾಡಿ ಕೇಳಿದಾಗ ಯಜಮಾನರೂ ಗೊಣಗುತ್ತಲೇ ಒಪ್ಪಿದರು. ಮಕ್ಕಳ ವಿಷಯವಾದ್ದರಿಂದ ಬೇಡವೆನ್ನಲು ಅವರಿಗೆ ಬಾಯಿ ಬರಲಿಲ್ಲ ಎಂದು ಕಾಣುತ್ತದೆ. ಹೀಗೆ ಶಾಲೆ ತೆರೆಯುವ ದಿನ ಅಕ್ಕನ ವ್ಯಾನಿನ ಕೆಳಗೆ ಇರುವುದು ಆ ನಾಲ್ಕೇ ಟೈರು ಎಂದು ತೀರ್ಮಾನವಾಯಿತು. ಸಂಜೆ ನಾವಿಬ್ಬರೂ ಸೇರಿ ಜಾಕು ಕೊಟ್ಟು ಅವನ್ನು ಹಾಕಿದೆವು. ವಾಪಸು ಬರುವಾಗ ಬದಲಿಸಿಕೊಳ್ಳಲೆಂದು ಬಿಚ್ಚಿದ ಹಳೆಯವನ್ನು ಡಿಸ್ಕ್ ಸಮೇತ ವ್ಯಾನಿನೊಳಗೇ ಹಾಕಿಕೊಂಡೆವು. ಅಕ್ಕ ಒಂದೊಂದಕ್ಕೂ ಕಾಲಿನಿಂದ ಒದ್ದು ಗಾಳಿ ನೋಡಿದಳು. ಆಗ ಅವಳ ಗಾಳಿ ಪರೀಕ್ಷೆ ಅಷ್ಟೇ ಆಗಿತ್ತು.

ಮಾರನೆಯ ಬೆಳಿಗ್ಗೆ ಹಾಸನಕ್ಕೆ ಹೊರಟೆವು. ಅರ್ಧ ದಾರಿಯ ತನಕ ರಸ್ತೆ ಅಗೆದು ಮಣ್ಣು ಸುರಿದಿದ್ದರು. ಎಣ್ಣೆ ಬಳಿದ ರಬ್ಬರಿಗೆ ಆ ಕೆಂಧೂಳು ಹಿಟ್ಟು ಕಲಸಿದಂತೆ ಮೆತ್ತಿಕೊಂಡಿತು. ಒಂದು ಚಹದಂಗಡಿಯ ಹತ್ತಿರ ಇಳಿದಾಗ ನಾಲ್ಕು ಚಕ್ರವೂ ಬೆಲ್ಲದಚ್ಚಿನ ಬಣ್ಣಕ್ಕೆ ತಿರುಗಿದ್ದವು.

"ಇಂಗೇ ಓದ್ರೆ ಸಾಹೇಬ್ರು ಗದ್ದೆಯಿಂದ ಬಂದ್ರಾ ಅಂತಾರೆ" ಎಂದಳು ಅಕ್ಕ. ಅಂಗಡಿಯವರಿಂದ ಒಂದು ಬಕೆಟ್ ನೀರು, ಸೋಪಿನ ಪುಡಿ ಕೇಳಿ ತಂದಳು. ಎಡಗಡೆ ನಾನು, ಬಲಗಡೆ ಅವಳು ತೊಳೆಯಲು ಕುಳಿತೆವು.

ಸೋಪು ಬಿದ್ದೊಡನೆ ಧೂಳಿನ ಜೊತೆ ಎಣ್ಣೆಯೂ ಹೋಯಿತು. ಎಣ್ಣೆ ಹೋದ ಮೇಲೆ ಕೆಳಗಿದ್ದ ರಬ್ಬರು ಕಪ್ಪಗಿರಲಿಲ್ಲ, ಬೂದಿ ಬಣ್ಣಕ್ಕಿತ್ತು. ಗ್ರಿಪ್ಪಿನ ಕಾಲುವೆಯ ತಳದಲ್ಲಿ, ಪಕ್ಕದ ಗೋಡೆಯ ಸುತ್ತಲೂ, ಬೇಸಿಗೆಯಲ್ಲಿ ಕೆರೆಯಂಗಳ ಸೀಳುವಂತೆ ಸಣ್ಣ ಬಿರುಕುಗಳು. ಉಗುರಿನಿಂದ ಒತ್ತಿದೆ. ಮೇಲೆ ಅಂಟಂಟು, ಒಳಗೆ ಮರದಷ್ಟು ಗಟ್ಟಿ.

ಡೆಸ್ಕಿನಲ್ಲಿ ಯಾವ ಕಾಗದ ಬಂದರೂ ನಾನು ಮೊದಲು ಹುಡುಕುವುದು ತಾರೀಖನ್ನು. ಟೈರಿನಲ್ಲೂ ತಾರೀಖು ಇರುತ್ತದೆ. ಹಿಂದೊಮ್ಮೆ ಟೈರು ಸಿಡಿದು ಕಾರು ಉರುಳಿದ ವರದಿ ತಿದ್ದುವಾಗ, ಸುಮ್ಮನೆ ಟೈರು ಸಿಡಿಯುವುದು ಏಕೆ ಎಂದು ಕೇಳಿ ತಿಳಿದುಕೊಂಡಿದ್ದೆ. ಪಕ್ಕದ ಗೋಡೆಯ ಮೇಲೆ ಉದ್ದನೆಯ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಬಟ್ಟೆಯಿಂದ ಒರೆಸಿ ಓದಿದೆ: 2913. ಇಪ್ಪತ್ತೊಂಬತ್ತನೆಯ ವಾರ, ಎರಡು ಸಾವಿರದ ಹದಿಮೂರು. ಅಕ್ಕನ ವ್ಯಾನಿನಲ್ಲಿ ಕೂರುವ ಮಕ್ಕಳಲ್ಲಿ ಬಹುಪಾಲು ಆಗಿನ್ನೂ ಹುಟ್ಟಿರಲಿಲ್ಲ.

"ಅಕ್ಕ, ಇಲ್ಲಿ ಬಾ."

ಅವಳು ಬಂದು ನೋಡಿದಳು. "ಗ್ರಿಪ್ ಐತಲ್ಲೇ?"

"ಗ್ರಿಪ್ ಇದೆ. ಓಡಿಲ್ಲವಲ್ಲ, ಅದಕ್ಕೆ ಸವೆದಿಲ್ಲ. ಓಡದೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತೆ. ಇದು ಅಟ್ಟದ ಬಿಸಿಯಲ್ಲಿ ಬೆಂದಿದೆ. ಮೇಲೆ ಎಣ್ಣೆ ಬೇರೆ. ಎಣ್ಣೆ ರಬ್ಬರಿಗೆ ಆಗಲ್ಲ ಕಣಕ್ಕ."

"ತಲೆಗೆ ಹಾಕೋ ಎಣ್ಣೆ ಕಣೇ, ಸೀಮೆಎಣ್ಣೆ ಅಲ್ಲ!"

"ತಲೆಗೆ ಒಳ್ಳೇದು. ಟೈರಿಗೆ ತಲೆ ಇಲ್ಲ."

ಅವಳು ನಗಲಿಲ್ಲ. "ಎಫ್‌ಸಿ ಆಯ್ತದೋ ಇಲ್ವೋ, ಅದೇಳು."

ನನಗೆ ತಿಳಿದಷ್ಟನ್ನೇ ಹೇಳಿದೆ. ಪರೀಕ್ಷೆ ಮಾಡುವವರು ಗ್ರಿಪ್ಪಿನ ಆಳ ನೋಡುತ್ತಾರೆ, ಅದು ಬೇಕಾದಷ್ಟಿದೆ. ಇಷ್ಟು ವರ್ಷಕ್ಕೆ ಟೈರು ಬಿಸಾಡಬೇಕು ಎಂಬ ನಿಯಮ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದೇ ಟೈರಿನ ಮೇಲೆ ವ್ಯಾನು ಪಾಸಾದರೂ ಆಗಬಹುದು.

"ಮತ್ತೆ ಇನ್ನೇನು?"

"ಸೋಮವಾರ ಶಾಲೆ ಶುರು. ಇದರ ಮೇಲೆ ಮಕ್ಕಳು ಕೂರುತ್ತಾರೆ."

ಅಕ್ಕ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಬಿಡಿಸಿ, ಅದರ ಮೊನೆಯನ್ನು ಒಂದು ಬಿರುಕಿನೊಳಗೆ ಇಳಿಸಿದಳು. ಅದು ತಡೆಯಿಲ್ಲದೆ ಒಳಕ್ಕೆ ಹೋಯಿತು. ಬಿರುಕನ್ನು ಹೆಬ್ಬೆರಳಿನಿಂದ ಅಗಲಿಸಿದಾಗ ಒಳಗಿನ ಬಿಳಿ ನೂಲು ಕಂಡಿತು. ಟೈರಿನ ಒಡಲನ್ನು ಬಿಗಿಹಿಡಿದಿರುವ ನೂಲು ಅದು. ಅವಳು ಎದ್ದು ಹೋಗಿ ಉಳಿದ ಮೂರಕ್ಕೂ ಹಾಗೆಯೇ ಪಿನ್ನು ಹಾಕಿ ನೋಡಿದಳು. ವಾಪಸು ಬಂದು ಪಿನ್ನನ್ನು ಸೆರಗಿಗೆ ಒರೆಸಿ ಬಳೆಗೆ ಸಿಕ್ಕಿಸಿಕೊಂಡಳು.

"ಅಲ್ವೇ, ಇದನ್ನ ನಾನೇ ಬಾಯ್ಬುಟ್ಟು ಕೇಳಿ ಇಸ್ಕಂಡೆನಲ್ಲೇ. ಮಳೆಗಾಲ ಪೂರ್ತಿ ಕೊಡಿ ಅಂತ." ಮತ್ತೆ ತಡೆದು ಕೇಳಿದಳು: "ನಮ್ ಟೈಮು ಎಷ್ಟೊತ್ತಿಗೆ?"

"ಮಧ್ಯಾಹ್ನ."

"ಅಂಗಾರೆ ನಡಿ. ನಿಧಾನಕ್ಕೆ ಓಗಾನ. ಮೊದ್ಲು ಟೈರಂಗ್ಡಿ."

ಹಾಸನದ ತನಕ ಅವಳು ಮೂರನೇ ಗೇರು ದಾಟಲಿಲ್ಲ. ಹಿಂದಿನ ಬಸ್ಸು ಹಾರ್ನು ಬಾರಿಸುತ್ತಲೇ ಇತ್ತು. ಟೈರಿಗೆ ಬೇಕಾದ ದುಡ್ಡು ಅವಳಲ್ಲಿತ್ತು. ಅಡುಗೆಮನೆಗೆ ಟೈಲ್ಸ್ ಹಾಕಿಸಲೆಂದು ಎತ್ತಿದ್ದ ಚೀಟಿ ಅದು. "ನೆಲ ಸಿಮೆಂಟೇ ಇರ್ಲಿ ಬುಡು, ಜಾರಾಕಿಲ್ಲ" ಎಂದಳು.

ಟೈರಂಗಡಿಯವರು ಎರಡು ಹಾಕಲೋ ನಾಲ್ಕು ಹಾಕಲೋ ಎಂದು ಕೇಳಿದರು. ಎರಡೇ ಆದರೆ ಮುಂದಕ್ಕೆ ಹಾಕಿ ಎನ್ನುವುದು ಅಕ್ಕನ ಲೆಕ್ಕ. ಸ್ಟೇರಿಂಗ್ ಇರುವುದು ಅಲ್ಲಲ್ಲವೇ? ಅವರು ತಲೆಯಾಡಿಸಿದರು. ಎರಡೇ ಹೊಸದಾದರೆ ಅವು ಹಿಂದಕ್ಕೇ ಹೋಗಬೇಕಂತೆ. ಮಳೆಯಲ್ಲಿ ಹಿಂಬದಿ ಜಾರಿದರೆ ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. "ಎರಡರ ಮಾತು ಬ್ಯಾಡ ಬುಡಿ, ನಾಕೂ ಹಾಕಿ" ಎಂದು ಅಕ್ಕ ಮುಗಿಸಿದಳು. ಆಮೇಲೆ ಅವರು ತಂದಿಟ್ಟ ಒಂದೊಂದು ಟೈರನ್ನೂ ಬಗ್ಗಿ ತಿರುಗಿಸಿ ನಾಲ್ಕು ಅಂಕಿ ಓದತೊಡಗಿದಳು.

"ಏನಕ್ಕಾವ್ರೇ, ಗಂಡಿನ ಜಾತಕ ನೋಡ್ದಂಗೆ ನೋಡ್ತೀರಲ್ಲ!"

"ಜಾತಕ ಸುಳ್ಳಾದ್ರೆ ಒಬ್ಳು ಅಳ್ತಾಳೆ ಸಾ. ಇದು ಸುಳ್ಳಾದ್ರೆ ಊರೇ ಅಳ್ತದೆ. ಈ ಮೂರೂ ಈ ವರ್ಷದ್ದು, ಇದೊಂದು ಹಳೇದು. ಬದ್ಲಾಯಿಸಿ."

ಅಂಗಡಿಯವರು ನಗುತ್ತಲೇ ಒಳಗೆ ಹೋಗಿ ಬೇರೊಂದು ತಂದರು. ಬೋಳು ಟೈರುಗಳನ್ನು ಕಳಚಿ, ಅವಳದೇ ಡಿಸ್ಕುಗಳಿಗೆ ಹೊಸ ನಾಲ್ಕನ್ನೂ ಏರಿಸಿದರು. ಚಕ್ರಗಳ ಅಲೈನ್‌ಮೆಂಟ್ ನೋಡಿದಾಗ ಮುಂದಿನ ಟೈರುಗಳ ಹೊರ ಅಂಚು ಸವೆದ ಕಾರಣವೂ ಸಿಕ್ಕಿತು. ಚಕ್ರಗಳು ನೇರವಾಗಿರಲಿಲ್ಲ. ಅದನ್ನೂ ಸರಿಮಾಡಿಸಿದಳು. ಸ್ಟೆಪ್ನಿಗೂ ವಯಸ್ಸಾಗುತ್ತದೆ ಎಂಬುದು ಅಲ್ಲಿಯತನಕ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ತೆಗೆಸಿ ನೋಡಿದೆವು. ಅದು ವ್ಯಾನಿನಷ್ಟೇ, ನಾಲ್ಕು ವರ್ಷದ್ದು, ಇನ್ನೂ ನಡೆಯುವಂತಿತ್ತು. ಹೊಸ ರಬ್ಬರು ಮೊದಲ ಕೆಲವು ದಿನ ಸ್ವಲ್ಪ ಜಾರುತ್ತದೆ, ಆತುರ ಬೇಡ ಎಂದು ಅಂಗಡಿಯವರು ಹೇಳಿ ಕಳಿಸಿದರು.

ಎಫ್‌ಸಿಯಲ್ಲಿ ಬರೆಯುವಂಥದ್ದು ಏನೂ ನಡೆಯಲಿಲ್ಲ. ಅಧಿಕಾರಿ ಬ್ರೇಕು ಹಾಕಿಸಿದರು, ದೀಪ ಹಾಕಿಸಿದರು, ಔಷಧಿ ಪೆಟ್ಟಿಗೆ ತೆರೆಸಿದರು, ಟೈರುಗಳನ್ನು ಸುತ್ತಿ ಬಂದು ನೋಡಿದರು. ವ್ಯಾನು ಪಾಸಾಯಿತು. ಕೊಬ್ಬರಿ ಅಟ್ಟದ ನಾಲ್ಕೂ ಹಿಂದಿನ ಸೀಟುಗಳ ನಡುವೆ ಬಿದ್ದಿದ್ದವು.

ಸಂಜೆ ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರ ಅರಕಲಗೂಡಿನವನು ಟೈರಿಗಾಗಿ ಕಾದಿದ್ದ. ಅಕ್ಕನ ಹೊಸ ಟೈರು ನೋಡಿ, "ಓಹೋ! ಅಕ್ಕನ ಮನೇಲಿ ನಿಧಿ ಸಿಕ್ತಾ?" ಎಂದು ಶುರುಮಾಡಿದ. ಅಕ್ಕ ಅಟ್ಟದ ಒಂದು ಟೈರನ್ನು ಕೆಳಗಿಳಿಸಿ, ಬಿರುಕು ಅಗಲಿಸಿ ತೋರಿಸಿದಳು. ಅವನು ಬಗ್ಗಿ ನೋಡಿದ. ಟೈರಿನ ಮೇಲೇ ಕುಳಿತ.

"ನಂದು ನಾಳೆ ಐತಲ್ಲಕ್ಕ."

"ತಗೊಂಡೋಗು. ಬ್ಯಾಡ ಅನ್ನಕೆ ನಂದಲ್ಲ. ಆದ್ರೆ ನಂಗೆ ತಿರ್ಗಾ ತರಬ್ಯಾಡ. ನೀನೂ ಇದ್ರ ಮೇಲೆ ಮಕ್ಳನ್ನ ಕೂರಿಸ್ಬ್ಯಾಡ."

"ಇಷ್ಟು ವರ್ಷ ಏನಾಯ್ತಕ್ಕ? ಎಲ್ರೂ ಓಗಿ ಬಂದಿಲ್ವಾ?"

"ಎಲ್ರೂ ಖಾಲಿ ಓಗಿ ಖಾಲಿ ಬಂದವ್ರೇ ಕಣೋ. ಮಕ್ಳನ್ನ ತುಂಬ್ಕಂಡು ಓಡಿಸ್ತೀನಿ ಅಂದೋಳು ನಾನೊಬ್ಳೇ."

ಅವನು ನನ್ನ ಕಡೆ ತಿರುಗಿದ. "ನೀವು ಇದ್ನ ಪೇಪರ್ಗೆ ಹಾಕ್ಬುಡ್ತೀರಾ ಮೇಡಂ?"

ನನ್ನ ಮನೆಯವರ ವಿಷಯವನ್ನು ನಾನು ಸುದ್ದಿ ಮಾಡುವುದಿಲ್ಲ ಎಂದೆ. ಅದು ನಮ್ಮ ಡೆಸ್ಕಿನ ನಿಯಮ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅಕ್ಕ ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಅವರು ಸಿಟ್ಟಾದರು. "ಎಣ್ಣೆ ತಿಕ್ಕಿ ತಿಕ್ಕಿ ಹಸುಗೂಸು ಸಾಕ್ದಂಗೆ ಸಾಕಿವ್ನಿ. ನಿಮ್ಮವ್ವ ನಿನ್ನ ಅಂಗೆ ಸಾಕಿರಕಿಲ್ಲ! ಬ್ಯಾಡ್ದಿದ್ರೆ ಬುಡವ್ವ, ಹೆಸರ್ಯಾಕೆ ಕೆಡಿಸ್ತೀಯ?" ಅಕ್ಕ ದನಿ ಏರಿಸಲಿಲ್ಲ. "ತಿಕ್ಕಿದ್ದೇ ಕೆಡ್ಸಿರೋದು ಮಾವ. ಒಂದ್ಸಲ ಸೋಪಾಕಿ ತೊಳ್ದು ನೋಡಿ, ಆಮ್ಯಾಕೆ ಬೈರಿ" ಎಂದಳು. ಅವರು ಫೋನಿಟ್ಟರು. ಅರಕಲಗೂಡಿನವನು ನಾಲ್ಕನ್ನೂ ತನ್ನ ವ್ಯಾನಿಗೆ ಏರಿಸಿಕೊಂಡು ಹೋದ. ಬಳಗದ ವಾಟ್ಸ್ಯಾಪ್ ಗುಂಪಿನಿಂದ ಅಕ್ಕನನ್ನು ಯಾರೂ ತೆಗೆಯಲಿಲ್ಲ. ಆದರೆ ಕೆಲವು ದಿನ ಅಲ್ಲಿ ಅವಳಿಗೆ ಯಾರೂ ಬೆಳಗಿನ ಶುಭಾಶಯ ಕಳಿಸಲಿಲ್ಲ. ಸುಮಾರು ಹದಿನೈದು ದಿನದ ಮೇಲೆ ಹಾಸನದ ಒಂದು ಸಿಗ್ನಲ್ಲಿನಲ್ಲಿ ಆ ಅರಕಲಗೂಡಿನ ವ್ಯಾನು ನನ್ನ ಮುಂದೆ ನಿಂತಿತ್ತು. ಹಿಂದಿನ ಎರಡೂ ಟೈರು ಹೊಸವು. ಮುಂದಿನವನ್ನು ನೋಡುವಷ್ಟರಲ್ಲಿ ಹಸಿರು ದೀಪ ಬಂತು. ಹಾಗಾಗಿ ಎರಡರ ಬಗ್ಗೆ ಮಾತ್ರ ಹೇಳಬಲ್ಲೆ.

ಶಾಲೆ ತೆರೆದ ಸೋಮವಾರ ನನಗೆ ವಾರದ ರಜೆ. ಬೆಳಿಗ್ಗೆ ಅಕ್ಕ ಹೊಸದಾಗಿ ತಂದಿದ್ದ ಗಾಳಿ ಅಳೆಯುವ ಮೀಟರನ್ನು, ವ್ಯಾನು ಇನ್ನೂ ತಣ್ಣಗಿರುವಾಗಲೇ, ಒಂದೊಂದು ಟೈರಿಗೂ ಹಚ್ಚಿ ನೋಡಿದಳು. ಚಾಲಕನ ಬಾಗಿಲಿನ ಒಳಬದಿ ಅಂಟಿಸಿರುವ ಚೀಟಿಯಲ್ಲಿದ್ದಷ್ಟೇ ಗಾಳಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಸ್ಟೆಪ್ನಿಗೂ ನೋಡಿದಳು. ನಾನು ಮುಂದಿನ ಸೀಟಿನಲ್ಲಿ ಕೂತೆ. ಮಳೆ ಸಣ್ಣಗೆ ಶುರುವಾಗಿ, ಕೊನೆಯ ಹಳ್ಳಿಯ ಮಕ್ಕಳು ಹತ್ತುವಷ್ಟರಲ್ಲಿ ಜೋರಾಯಿತು. ಹಿಂದೆ ಹೊಸ ಚೀಲ, ಹೊಸ ಛತ್ರಿಗಳ ಗಲಾಟೆ. ಕಿಟಕಿ ಸೀಟು ಯಾರದು ಎಂದು ಇಬ್ಬರು ಹುಡುಗಿಯರ ಜಗಳ ನಿಲ್ಲುವಂತಿರಲಿಲ್ಲ.

ಮುಂದೆ ರಸ್ತೆ ಇಳಿಜಾರಾಗಿ ನಾಲೆಯ ಸೇತುವೆಗೆ ಹೋಗುತ್ತದೆ. ಇಳಿಜಾರಿನ ಅರ್ಧದಲ್ಲಿ ಎಡಗಡೆಯ ಮಣ್ಣುದಾರಿಯಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನೊಬ್ಬ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಯಾವ ಕಡೆಯೂ ನೋಡದೆ ರಸ್ತೆಗೆ ನುಗ್ಗಿದ. ಅಕ್ಕ ಬ್ರೇಕು ಒತ್ತಿದಳು. ನಾನು ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟೆ. ವ್ಯಾನು ಆಚೀಚೆ ಹೊರಳದೆ ನೇರವಾಗಿ ನಿಂತಿತು. ಬೈಕಿಗೂ ನಮಗೂ ನಡುವೆ ಇನ್ನೊಂದು ಬೈಕು ಹಿಡಿಸುವಷ್ಟು ಜಾಗ ಉಳಿದಿತ್ತು. ಬೇರೆ ಟೈರಾಗಿದ್ದರೆ ಏನಾಗುತ್ತಿತ್ತು ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ನಿಂತದ್ದನ್ನು ಮಾತ್ರ ನೋಡಿದೆ.

ಅಕ್ಕ ಗಾಜು ಇಳಿಸಿ ತಲೆ ಹೊರಹಾಕಿದಳು. "ಏನಣ್ಣೋ! ಡೈರಿಗೋಗೋ ಆತುರನಾ, ಮ್ಯಾಲಕ್ಕೋಗೋ ಆತುರನಾ?"

ಅವನು ಕೊಪ್ಪೆ ಸರಿಸಿ ನಮ್ಮತ್ತ ನೋಡಿ, ತಪ್ಪಾಯಿತು ಎನ್ನುವಂತೆ ಕೈ ಎತ್ತಿ, ಕ್ಯಾನು ಕುಲುಕಿಸಿಕೊಂಡು ಹೋದ. ಹಿಂದೆ ಕಿಟಕಿ ಸೀಟಿನ ಜಗಳ ಒಂದು ಮಾತೂ ತಪ್ಪದೆ ನಡೆಯುತ್ತಲೇ ಇತ್ತು. ಮಧ್ಯದ ಸೀಟಿನಿಂದ ಒಬ್ಬಳು ಕುತ್ತಿಗೆ ಚಾಚಿದಳು.

"ಆಂಟೀ, ಯಾಕೆ ನಿಲ್ಸಿದ್ರಿ? ಪ್ರೇಯರ್‌ಗೆ ಲೇಟಾಯ್ತದೆ."

"ಓಗಾನ ಕೂತ್ಕೋ, ನಮ್ಮವ್ವ" ಎಂದು ಅಕ್ಕ ಗಾಜು ಏರಿಸಿ ಗೇರು ಹಾಕಿದಳು.